ಒಂದು ಉಸಿರಿನ ಸಾಲು

ನಾನು ಏನೇ ಬರೆಯಲು ಕುಳಿತರೂ ಹಾಳೆಯ ಮೊದಲ ಗೆರೆಯನ್ನು ಖಾಲಿ ಬಿಟ್ಟು ಎರಡನೆಯದರಿಂದ ಶುರು ಮಾಡುತ್ತೇನೆ. ಕಾಗದವಾಗಲಿ, ದಿನಚರಿಯಾಗಲಿ, ಕಿರಾಣಿ ಅಂಗಡಿಯ ಚೀಟಿಯಾಗಲಿ, ಹೀಗೇ. ಬಿಟ್ಟ ಗೆರೆಯನ್ನು ಎಲ್ಲ ಮುಗಿದ ಮೇಲೆ ತುಂಬಬೇಕೆಂಬುದು ಇರಾದೆ. ಹತ್ತರಲ್ಲಿ ಒಂಬತ್ತು ಸಲ ಅದು ಖಾಲಿಯೇ ಉಳಿಯುತ್ತದೆ. ಸಿಂಧನೂರಿನ ನಮ್ಮ ಕಿರಾಣಿ ಅಂಗಡಿಯವನು ಮೊದಮೊದಲು, "ಮ್ಯಾಲಿಂದು ಏನೋ ಬರಿಯಾಕ ಮರ್ತೀರಿ, ಸಾಹೇಬ್ರ" ಎನ್ನುತ್ತಿದ್ದ. ಈಗ ಕೇಳುವುದನ್ನು ಬಿಟ್ಟಿದ್ದಾನೆ. ಆ ಖಾಲಿ ಗೆರೆಯ ಲೆಕ್ಕಕ್ಕೆ ತಾನೇ ಒಂದು ಪೊಟ್ಟಣ ಚಹಾಪುಡಿ ಹಾಕಿ ಕಳಿಸುತ್ತಾನೆ. ನಮ್ಮ ಮನೆಯಲ್ಲಿ ಚಹಾಪುಡಿ ತೀರಿತು ಎಂಬ ಮಾತು ಹುಟ್ಟಿದ್ದೇ ಇಲ್ಲ.

"ಡಬ್ಬಿ ತುಂಬಿ ಕಪಾಟಿನಾಗ ಇಟ್ಟೀನಿ, ಕಪಾಟು ತುಂಬೇತಿ," ಎಂದಳು ನನ್ನ ಹೆಂಡತಿ ಮೊನ್ನೆ. "ಆ ಗೆರಿ ಮ್ಯಾಲೆ ಒಮ್ಮೆರ ಬೆಲ್ಲ ಅಂತ ಬರೀರಿ. ಅಲ್ರೀ, ಖರೇ ಹೇಳ್ರಿ, ಯಾಕ ಬಿಡ್ತೀರಿ ಅದನ್ನ?"

ಹಾಳೆ ಚಂದ ಕಾಣಲಿ ಅಂತ, ಎಂದೆ. ಇದೇ ಉತ್ತರವನ್ನು ಮದುವೆಯಾದ ಹೊಸದರಲ್ಲೂ ಕೊಟ್ಟಿದ್ದೆ. ಆಗ ನಂಬಿದ್ದಳು. ಈ ಸಲ ನಂಬಲಿಲ್ಲ. ಅವಳು ನಂಬದೆ ಒಳಗೆ ಹೋದ ಮೇಲೆ ನನಗೂ ನಂಬಿಕೆ ಹೋಯಿತು.

ಉತ್ತರ ಲಿಂಗಸುಗೂರಿನಲ್ಲಿದೆ, ನಿಜಾಮರ ಕಾಲದ ಲಿಂಗಸುಗೂರಿನಲ್ಲಿ. ನಾನು ತುಂಗಭದ್ರೆಯ ದಂಡೆಯ ಮುಕ್ಕುಂದದವನು. ಮುಂದೆ ಓದಲೆಂದು ಅಪ್ಪ ನನ್ನನ್ನು ಲಿಂಗಸುಗೂರಿನ ಒಂದು ಶಾಲೆಗೆ ಹಾಕಿದರು. ಆ ಶಾಲೆ ಈಗಿಲ್ಲ, ಅದರ ಕಟ್ಟಡವೂ ಇಲ್ಲ. ಹೆಸರು ಹೇಳಿದರೂ ನಿಮಗೆ ಉಪಯೋಗವಿಲ್ಲ. ಪಾಠವೆಲ್ಲ ಉರ್ದುವಿನಲ್ಲಿ. ಗಣಿತ ಉರ್ದು, ಭೂಗೋಳ ಉರ್ದು. ನಾನು ಈಜು ಕಲಿತ ಹೊಳೆ ಎಲ್ಲಿ ಹುಟ್ಟಿ ಎಲ್ಲಿ ಸೇರುತ್ತದೆ ಎಂಬುದನ್ನೂ ಉರ್ದುವಿನಲ್ಲೇ ಬಾಯಿಪಾಠ ಮಾಡಿದೆ. ಕನ್ನಡಕ್ಕೆ ವಾರಕ್ಕೆ ಮೂರು ತಾಸು, ಒಬ್ಬರೇ ಮಾಸ್ತರು. ಬೋರ್ಡಿಂಗಿನಲ್ಲಿ ಯಾರನ್ನೂ ಹೆಸರು ಹಿಡಿದು ಕರೆಯುವ ಪದ್ಧತಿ ಇರಲಿಲ್ಲ, ಊರೇ ಹೆಸರು. ನಾನು ಮುಕ್ಕುಂದ. ಪಕ್ಕದ ಹಾಸಿಗೆಯ ಅಮರೇಶ ತುರ್ವಿಹಾಳ. ಕನ್ನಡ ಕಲಿಸುತ್ತಿದ್ದವರು ಮಸ್ಕಿಯವರು, ಆದ್ದರಿಂದ ಅವರು ಮಸ್ಕಿ ಮಾಸ್ತರು.

ಈ ಮಸ್ಕಿ ಮಾಸ್ತರರಿಗೆ ಶಾಲೆಯಲ್ಲಿ ಕನ್ನಡದ ಒಂದು ಸುದ್ದಿಹಾಳೆ ಬರಬೇಕೆಂಬ ಹಂಬಲ. ಅಚ್ಚು ಹಾಕಿಸುವುದಲ್ಲ, ದೊಡ್ಡ ಹಾಳೆಯ ಮೇಲೆ ಕೈಯಿಂದ ಬರೆದು, ಪಡಸಾಲೆಯ ಹಲಗೆಗೆ ತಿಂಗಳಿಗೊಮ್ಮೆ ಅಂಟಿಸುವುದು. ಅದಕ್ಕೂ ಹೆಡ್‌ಮಾಸ್ತರರ ಇಜಾಜತ್ ಬೇಕು, ಅಂದರೆ ಅಪ್ಪಣೆ. ಅವರನ್ನು ನಾವೆಲ್ಲ ಸದರ್ ಸಾಹೇಬರು ಎನ್ನುತ್ತಿದ್ದೆವು. ಹೈದರಾಬಾದಿನ ಕಡೆಯವರು, ಒಳ್ಳೆಯ ಮನುಷ್ಯ, ಕನ್ನಡದ ಒಂದು ಅಕ್ಷರವೂ ಬಾರದು. ತನಗೆ ಓದಲಾಗದ ಹಾಳೆಯನ್ನು ತನ್ನ ಗೋಡೆಗೆ ಅಂಟಿಸಲು ಯಾವ ಸಾಹೇಬ ಬಿಡುತ್ತಾನೆ? ಅವರು ಒಂದು ದಾರಿ ಕಂಡುಹಿಡಿದರು. ಪ್ರತಿ ಸುದ್ದಿಯ ಮೊದಲ ಸಾಲನ್ನು ಮಾತ್ರ ಉರ್ದುವಿಗೆ ಮಾಡಿ ಒಂದು ಚೀಟಿಯಲ್ಲಿ ಬರೆದು ತರಬೇಕು. ಅದಕ್ಕೆ ಅವರ ಸಹಿ ಬಿದ್ದರೆ ಸುದ್ದಿ ಹಲಗೆ ಏರಬಹುದು. ಸುದ್ದಿ ಎಂದರೆ ಅದರ ಮೊದಲ ಸಾಲು, ಉಳಿದದ್ದು ಅಲಂಕಾರ ಎಂಬುದು ಅವರ ಅಭಿಪ್ರಾಯವಾಗಿತ್ತು. ಮಸ್ಕಿ ಮಾಸ್ತರರ ಅಭಿಪ್ರಾಯವೂ ಹೆಚ್ಚು ಕಡಿಮೆ ಅದೇ. ಒಬ್ಬರ ಭಾಷೆ ಇನ್ನೊಬ್ಬರಿಗೆ ಪೂರ್ತಿ ಬಾರದ ಇಬ್ಬರು ಇಷ್ಟು ಸರಿಯಾಗಿ ಒಪ್ಪಿಕೊಂಡದ್ದನ್ನು ನಾನು ಮತ್ತೆ ಕಂಡಿಲ್ಲ.

ಮಾಸ್ತರು ಮೊದಲ ಸಾಲು ಕಲಿಸುತ್ತಿದ್ದ ಬಗೆ ಹೀಗೆ. ಬರೆದವನು ಶಾಲೆಯ ಗೇಟಿನ ಹತ್ತಿರ ನಿಲ್ಲಬೇಕು. ಅವರು ಮೈದಾನದ ಆಚೆ, ಪಡಸಾಲೆಯ ಕಂಬಕ್ಕೆ ಒರಗಿ ನಿಲ್ಲುತ್ತಿದ್ದರು. ಅಲ್ಲಿಂದ ಇಲ್ಲಿಗೆ ಆ ಸಾಲನ್ನು ಒಂದೇ ಉಸಿರಿನಲ್ಲಿ ಕೂಗಬೇಕು. ನಡುವೆ ಉಸಿರು ತೆಗೆದುಕೊಂಡರೆ ಸಾಲು ಉದ್ದವಾಯಿತೆಂದು ಅರ್ಥ. ಅವರ ಕಿವಿಗೆ ಮುಟ್ಟದ ಮಾತು ಸಾಲಿನಿಂದ ಹೊರಗೆ.

"ಲೇ ಮುಕ್ಕುಂದ, 'ದಿನಾಂಕ ಇಂಥಾದ್ದರಂದು ಪ್ರಾತಃಕಾಲದಲ್ಲಿ' ಅಂತ ಶುರು ಮಾಡೀದಿ," ಎಂದು ಅಲ್ಲಿಂದಲೇ ಕೂಗುತ್ತಿದ್ದರು. "ನಿಮ್ಮ ಮನಿ ಬಣವಿಗಿ ಬೆಂಕಿ ಬಿದ್ರ ಪ್ರಾತಃಕಾಲದಿಂದ ಶುರು ಮಾಡ್ತೀಯೇನು? ಬಣವಿ ಅನ್ನಲೇ ಮೊದಲ!"

ನನಗೆ ಇದು ಬಹಳ ಹೊಸದು. ನಮ್ಮ ಅಪ್ಪನ ಕಾಗದಗಳು ಇದಕ್ಕೆ ಪೂರ್ತಿ ಉಲ್ಟಾ. ಎಲ್ಲರ ಕ್ಷೇಮ, ಬೆಳೆಯ ಕ್ಷೇಮ, ಹೊಳೆಯ ನೀರಿನ ಮಟ್ಟ, ಓಣಿಯವರ ಆಶೀರ್ವಾದ, ಎಲ್ಲ ಮುಗಿದ ಮೇಲೆ ಅಂಚಿನಲ್ಲಿ, ಸಣ್ಣ ಅಕ್ಷರದಲ್ಲಿ, "ಕೆಂದ ಆಕಳು ಹೋಯಿತು, ಮನಸ್ಸಿಗೆ ಹಚ್ಚಿಕೊಳ್ಳಬೇಡ" ಎಂದಿರುತ್ತಿತ್ತು. ಓದುವವನು ಎಲ್ಲಾದರೂ ಕುಳಿತುಕೊಳ್ಳುವಷ್ಟು ಸಮಯ ಕೊಟ್ಟು ಆಮೇಲೆ ಹೇಳುವುದು ಅಪ್ಪನ ರೀತಿ. ಮಾಸ್ತರರ ರೀತಿ ಕಲಿತ ಮೇಲೆ ನನಗೆ ಅಪ್ಪನ ಕಾಗದ ಓದಲು ನಾಚಿಕೆಯಾಗತೊಡಗಿತು. ಒಮ್ಮೆ ಅವರಿಗೆ ಬರೆದೂ ಬಿಟ್ಟೆ, ಸುದ್ದಿಯನ್ನು ಮೊದಲು ಹೇಳಿ ಎಂದು. ಅವರು ತಿದ್ದಿಕೊಳ್ಳಲಿಲ್ಲ. ಪುಣ್ಯ.

ನನ್ನ ಗಂಟಲು ದೊಡ್ಡದು. ಹೊಳೆಯ ಈ ದಂಡೆಯಿಂದ ಆ ದಂಡೆಗೆ ಕೂಗಿ ಬೆಳೆದವನು. ಹಾಗಾಗಿ ಬೇಗ ಹೆಸರಾಯಿತು. "ಗಣಿತ ಮಾಸ್ತರರ ರುಮಾಲು ಮಂಗನ ತಲೆ ಏರಿದೆ." "ಸಿಂಧನೂರಿನ ಹುಡುಗರು ಆಟದಲ್ಲಿ ನಮ್ಮನ್ನು ಸೋಲಿಸಿ, ನಮ್ಮ ಪಾಲಿನ ಊಟವನ್ನೂ ಉಂಡು ಹೋದರು." ಇವು ನನ್ನವೇ. ನನ್ನವೇ ಎಂದು ನೆನಪು. ಎರಡನೆಯದು ತನ್ನದೆಂದು ಅಮರೇಶ ಇವತ್ತಿಗೂ ವಾದಿಸುತ್ತಾನೆ, ಆ ಹಾಳೆಗಳು ಒಂದೂ ಉಳಿದಿಲ್ಲ. ಬರೆಯುತ್ತಿದ್ದವನು ನಾನು, ಹಾಳೆಯ ಮೇಲೆ ಅಂದವಾಗಿ ಇಳಿಸುತ್ತಿದ್ದವನು ಅವನು. ಅಕ್ಷರ ಮುತ್ತಿನಂತಿದ್ದವು, ಬಾಯಿ ಮಾತ್ರ ಹಾಗಿರಲಿಲ್ಲ.

ಇನ್ನು ನೀರಿನ ಕಾಕಾ. ಬೋರ್ಡಿಂಗಿಗೂ ಶಾಲೆಗೂ ನೀರು ತರುವುದು ಅವರ ಕೆಲಸ. ಹೆಗಲ ಮೇಲೆ ಕಾವಡಿ, ಎರಡು ತುದಿಗೆ ಎರಡು ಕೊಡ. ಅವರಿಗೆ ಹೆಸರಿತ್ತು, ನನಗೆ ಚೆನ್ನಾಗಿ ನೆನಪೂ ಇದೆ. ಇಲ್ಲಿ ಕಾಕಾ ಎಂದೇ ಬರೆಯುತ್ತೇನೆ. ಕಾರಣ ತಾನಾಗಿ ತಿಳಿಯುತ್ತದೆ. ಅವರು ನಮ್ಮ ಹೊಳೆಯ ಕಡೆಯವರು, ಮುಕ್ಕುಂದದಿಂದ ನಾಲ್ಕು ಹರಿದಾರಿ ಕೆಳಗೆ ಹರಿಗೋಲು ಹಾಕುತ್ತಿದ್ದ ಮನೆತನ. ನನ್ನನ್ನು ಕಂಡರೆ, "ಏನಪಾ ನಮ್ಮ ಹೊಳಿ ಹುಡುಗ" ಎನ್ನುವರು. ಕಾವಡಿ ಇಳಿಸಿದ ಮೇಲೆ ತಲೆಯ ರುಮಾಲು ಬಿಚ್ಚಿ, ನಾಲ್ಕು ಪದರು ಮಡಿಸಿ, ಹರವಿಯ ಬಾಯಿಗೆ ಕಟ್ಟಿ, ಅದರ ಮೇಲೆ ನೀರು ಸುರಿಯುವರು. ಹೊಳೆಗೆ ಹೊಸ ನೀರು ಬಂದಾಗ ನಮ್ಮ ಕಡೆ ಎಲ್ಲರೂ ಹೀಗೆ ಸೋಸುತ್ತಾರೆ. ಆದರೆ ಇವರು ಬಾವಿಯ ನೀರನ್ನೂ ಸೋಸುತ್ತಿದ್ದರು.

"ಕಾಕಾ, ಬಂಗಾರ ಸಿಕ್ಕೀತಂತ ಸೋಸಾಕತ್ತೀರೇನ್ರಿ? ಅದು ಹಟ್ಟಿಯಾಗ ಸಿಗತೈತಿ," ಎಂದು ಅಮರೇಶ ಕೆಣಕುವನು.

"ಹೊಳಿ ನೀರು ಕುಡದಾವ ನಾ. ನಿಂತ ನೀರು ಅಂದ್ರ ನನಗ ಅಂಜಿಕಿ. ಕುಡೀಲೇ ಸುಮ್ನ," ಎನ್ನುವರು ಕಾಕಾ.

ಆ ವರ್ಷ ಸಂಕ್ರಾಂತಿಗೆ ಒಂದು ತಿಂಗಳು ಮೊದಲು ಶಾಲೆಯ ಸೇದುವ ಬಾವಿಯ ಗಾಲಿ ಮುರಿಯಿತು. ಗಾಲಿಯಷ್ಟೇ ಅಲ್ಲ, ಅದನ್ನು ಕೂರಿಸಿದ್ದ ತೊಲೆಯೂ ಸೀಳಿತು. ಆಳದ ಬಾವಿ, ಬಗ್ಗಿ ಒಂದು ಕೊಡ ಎಳೆಯಬಹುದು, ಬೋರ್ಡಿಂಗಿಗೆಲ್ಲ ಸಾಲುವಷ್ಟು ಎಳೆಯಲಾಗದು. ಕಾಕಾ ದೂರದ ಮೆಟ್ಟಿಲ ಬಾವಿಗೆ ಹೋಗತೊಡಗಿದರು. ಜನ ಕಾಲು ತೊಳೆದು, ಇಳಿದು, ತುಂಬಿಕೊಳ್ಳುವ ಬಾವಿ ಅದು. ಹೋಳಿ ಹುಣ್ಣಿಮೆ ಕಳೆಯುವಷ್ಟರಲ್ಲಿ ಬೋರ್ಡಿಂಗಿನ ಒಂಬತ್ತು ಹುಡುಗರ ಕಾಲಿಗೆ ನಾರುಹುಣ್ಣು ಎದ್ದಿತು.

ನಿಮ್ಮಲ್ಲಿ ಅದನ್ನು ಕಂಡವರು ಕಡಿಮೆ, ಅದು ಒಳ್ಳೆಯದೇ. ಕಾಲಿನಲ್ಲಿ ಒಂದು ಗುಳ್ಳೆ ಎದ್ದು ಒಡೆಯುತ್ತದೆ, ಅದರೊಳಗಿಂದ ಬಿಳಿ ದಾರದಂಥ ಹುಳದ ತುದಿ ಇಣುಕುತ್ತದೆ. ಅದನ್ನು ಒಂದು ಕಡ್ಡಿಗೆ ಸುತ್ತಿ ದಿನಕ್ಕೆ ಒಂದಿಷ್ಟು, ಬೆರಳಗಲದಷ್ಟು, ಎಳೆಯಬೇಕು. ಅವಸರ ಮಾಡಿ ಎಳೆದರೆ ಒಳಗೇ ತುಂಡಾಗಿ ಕಾಲು ಕೊಡದಂತೆ ಬಾಯುತ್ತದೆ. ಅಮರೇಶನ ಎಡಗಾಲಿಗೆ ಎದ್ದಿತ್ತು. ಹಾಸಿಗೆಯ ಮೇಲೆ ಕಾಲು ಚಾಚಿ, ಕಡ್ಡಿಯನ್ನು ಬಟ್ಟೆಯಿಂದ ಮೀನಖಂಡಕ್ಕೆ ಕಟ್ಟಿಕೊಂಡು, ಮಡಿಲಲ್ಲಿ ಹಲಗೆ ಇಟ್ಟುಕೊಂಡು ಆ ತಿಂಗಳ ಹಾಳೆ ಬರೆಯುತ್ತಿದ್ದ. ಜ್ವರ ಬೇರೆ.

"ಲೇ ಮುಕ್ಕುಂದ, ಇದನ್ನ ಬರೀಲೇ. ಸಾಯಾಕತ್ತೀನಿ ನಾ. ಮಂಗನ ರುಮಾಲು ಬರೀತಿ, ನನ್ನ ಕಾಲು ಕಾಣಂಗಿಲ್ಲೇನು ನಿನಗ?"

ಬರೆದೆ. ಹೊಳೆ ನೀರಿನ ಊರಿನವನು ನಾನು; ಸೇದುವ ಬಾವಿ ಯಾಕೆ ಒಳ್ಳೆಯದು, ಇಳಿಯುವ ಬಾವಿ ಯಾಕೆ ಕೆಟ್ಟದ್ದು ಎಂಬುದು ಆ ವಾರವಷ್ಟೇ ಕೇಳಿ ತಿಳಿದದ್ದು. ಹೊಸದಾಗಿ ತಿಳಿದದ್ದನ್ನು ಬರೆಯುವ ಉತ್ಸಾಹ ಬೇರೆಯೇ. ನಾನು ಮೊದಲು ಬರೆದ ಸಾಲಿನಲ್ಲಿ ಎಲ್ಲವೂ ಇತ್ತು: ಗಾಲಿ ಮುರಿದದ್ದು, ಮೂರು ತಿಂಗಳಾದರೂ ರಿಪೇರಿಯಾಗದ್ದು, ಕಾಕಾ ಮೂರು ಸಲ ಹೇಳಿದ್ದು, ಮೆಟ್ಟಿಲ ಬಾವಿ, ನಾರುಹುಣ್ಣು. ಗೇಟಿನ ಹತ್ತಿರ ನಿಂತು ಕೂಗಿದೆ. ಉಸಿರು ಮೆಟ್ಟಿಲ ಬಾವಿಯ ತನಕ ಬಂದು ನಿಂತಿತು.

ಇನ್ನು ಮುಂದೆ ನಡೆದದ್ದನ್ನು ಎರಡು ರೀತಿ ಹೇಳಬಲ್ಲೆ. ಮಾಸ್ತರು ಆಚೆಯಿಂದ, "ಗಾಲಿ ಕೇಳಸಲಿಲ್ಲ, ತಗಿ ಅದನ್ನ!" ಎಂದು ಕೂಗಿದರು. ಇದು ಒಂದು. ಮಾಸ್ತರು ಏನೂ ಹೇಳುವ ಮೊದಲೇ ನಾನೇ ಗಾಲಿಯನ್ನು ತೆಗೆದು, ಎರಡನೆಯ ಸಲಕ್ಕೆ ಹೊಸ ಸಾಲು ಕೂಗಿದೆ. ಇದು ಇನ್ನೊಂದು. ಬಹಳ ವರ್ಷ ನಾನು ಮೊದಲಿನದನ್ನೇ ನಂಬಿದ್ದೆ. ಮಾಸ್ತರು ತೀರಿಕೊಂಡ ಮೇಲೆ ಅದನ್ನು ಇನ್ನೂ ಗಟ್ಟಿಯಾಗಿ ನಂಬತೊಡಗಿದೆ. ಹಾಗೆ ಗಟ್ಟಿಯಾದದ್ದನ್ನು ಕಂಡೇ ನನಗೆ ಅನುಮಾನ ಬಂದದ್ದು. ಒಂದು ಉಸಿರಿಗೆ 'ಯಾರು' ಹಿಡಿಸುತ್ತದೆ, 'ಯಾಕೆ' ಹಿಡಿಸುವುದಿಲ್ಲ. ಯಾಕೆಯನ್ನು ಬಿಡು ಎಂದು ಯಾರೂ ಹೇಳಬೇಕಾಗಿರಲಿಲ್ಲ.

ಉಳಿದ ಸಾಲು ಹೀಗಿತ್ತು: "ಕಾಕಾ ತಂದ ಮೆಟ್ಟಿಲ ಬಾವಿಯ ನೀರು ಕುಡಿದು ಒಂಬತ್ತು ಹುಡುಗರ ಕಾಲಿಗೆ ನಾರುಹುಣ್ಣು." ಕಾಕಾ ಎಂದಿರುವಲ್ಲಿ ಅವರ ಪೂರ್ತಿ ಹೆಸರಿತ್ತು. ಪಡಸಾಲೆಯ ಕಂಬಕ್ಕೆ ಮುಟ್ಟಿ, ಆಚೆಯ ಗೋಡೆಗೂ ಮುಟ್ಟುವ ಸಾಲು. ಗಾಲಿಯ ಸಂಗತಿ ಎರಡನೆಯ ಸಾಲಿಗೆ ಹೋಯಿತು, ಮೂರು ಸಲ ಹೇಳಿದ್ದು ಮೂರನೆಯದಕ್ಕೆ. ರುಮಾಲಿನಿಂದ ಸೋಸುವುದನ್ನು ನಾನು ಬರೆದೇ ಇರಲಿಲ್ಲ. ದಿನಾ ಕಣ್ಣೆದುರು ನಡೆಯುವುದು ಸುದ್ದಿ ಎಂದು ತೋರಲಿಲ್ಲ.

ನನ್ನ ಉರ್ದು ಚೆನ್ನಾಗಿತ್ತು, ಚೀಟಿಯನ್ನೂ ನಾನೇ ಬರೆದೆ. ಸದರ್ ಸಾಹೇಬರು ಅದನ್ನು ಓದಿ, ಕನ್ನಡಕ ತೆಗೆದು ನನ್ನನ್ನು ನೋಡಿ, "ಬಹುತ್ ಖೂಬ್" ಎಂದರು. ಸಹಿ ಹಾಕಿದರು. ಇನ್ನು ಗಾಲಿ ಬಂದೇ ಬಿಟ್ಟಿತು ಎಂದು ನಾನು ಜಿಗಿಯುತ್ತ ಬಂದೆ. ಅವರು ಅದೇ ಮಧ್ಯಾಹ್ನ ಕಾಕಾನನ್ನು ಕರೆಸಿ, ಮಕ್ಕಳಿಗೆ ಕೆಟ್ಟ ನೀರು ಕುಡಿಸಿದ್ದಕ್ಕೆ ಬರ್ತರಫ್ ಎಂದರು. ಆ ಮಾತು ನಮಗೆಲ್ಲ ಗೊತ್ತು: ನಾಳೆಯಿಂದ ಬರಬೇಡ.

ಆ ದಿನದ ನನ್ನ ದಿನಚರಿ ಇದೆ. ಆಗಷ್ಟೇ ಬರೆಯಲು ಹಿಡಿದಿದ್ದೆ. ಒಂದೇ ಸಾಲು: "ನನ್ನ ಸಾಲು ಸದರ್ ಸಾಹೇಬರಿಗೆ ಬಹಳ ಹಿಡಿಸಿತು." ದಿನಚರಿ ಬರೆಯುವವರ ನೆನಪು ಗಟ್ಟಿ ಎನ್ನುತ್ತಾರಲ್ಲ, ಅವರಿಗೆ ಇದನ್ನು ತೋರಿಸಬೇಕು.

ಮರುದಿನ ಬೆಳಿಗ್ಗೆ ಕಾಕಾ ಕಾವಡಿಯನ್ನೂ ಕೊಡಗಳನ್ನೂ ಒಪ್ಪಿಸಲು ಬಂದರು. ಹಲಗೆಯ ಮುಂದೆ ನಿಂತು ನನ್ನನ್ನು ಕರೆದರು.

"ನನ್ನ ಬಗ್ಗಿ ಬರ್ದೀರಂತಲ್ಲ ತಮ್ಮ. ಓದು, ಕೇಳೂನು."

ಓದಿದೆ. ಪೂರ್ತಿ ಓದಿದೆ. ಅವರು ಕಣ್ಣು ಮುಚ್ಚಿ, ಒಂದೊಂದು ಸಾಲಿಗೆ ಒಂದೊಂದು ಬೆರಳು ಮಡಿಸುತ್ತ ಕೇಳಿದರು.

"ಎಲ್ಲಾ ಖರೇ ಐತಿ," ಎಂದರು. "ಗಾಲಿ ಮುರದದ್ದು ಬರ್ದೀದಿ. ಮೂರು ಸಲ ಹೇಳಿದ್ದೂ ಬರ್ದೀದಿ. ಸಾಹೇಬ್ರು ಅಲ್ಲೀತನ ಇಳೀಲಿಲ್ಲ ನೋಡು. ಮೊದಲ್ನೇ ಪಾವಟಿಗಿ ಮ್ಯಾಲೇ ನಿಂತ್ರು. ಗಾಲಿ ಅಲ್ಲೇ ಯಾಕ ಹಾಕಲಿಲ್ಲ ನೀ?"

"ಒಂದು ಉಸುರಿಗಿ ಹಿಡೀಲಿಲ್ಲ, ಕಾಕಾ."

ಅವರು ನನ್ನನ್ನು ನೋಡಿದರು. ಸಿಟ್ಟಿರಲಿಲ್ಲ. ನಿಜವಾಗಿ ತಿಳಿದುಕೊಳ್ಳಬೇಕೆಂಬಂತೆ ಕೇಳಿದರು.

"ಗಾಲಿ ಹಿಡೀಲಿಲ್ಲ. ನಾ ಹಿಡದೆ?"

ಕೊಡಗಳನ್ನು ಬೋರಲು ಹಾಕಿ, ಅವುಗಳ ಮೇಲೆ ಕಾವಡಿ ಇಟ್ಟು ಹೋದರು. ರುಮಾಲನ್ನು ಸುತ್ತಿಕೊಳ್ಳದೆ ಹೆಗಲ ಮೇಲೆ ಹಾಕಿಕೊಂಡಿದ್ದರು. ಅವತ್ತು ಅದು ಒಣಗಿತ್ತು.

ಬೋರ್ಡಿಂಗಿಗೆ ಬಂದು ಅಮರೇಶನಿಗೆ ಎಲ್ಲ ಹೇಳಿದೆ. "ನನ್ನ ಕಾಲಿನ ಸಲುವಾಗಿ ಆ ಮನಷ್ಯಾನ ಅನ್ನ ಹೋತಲ್ಲೋ," ಎಂದ. ಜ್ವರದಲ್ಲಿ ಅವನಿಗೆ ಅಳು ಬೇಗ ಬರುತ್ತಿತ್ತು. "ಹೋಗಿ ಹೇಳೂನು ನಡಿ ಸಾಹೇಬ್ರಿಗಿ."

"ಏನಂತ ಹೇಳೂದು? ಸೀದಾ ಹೋಗಿ ಮಾತಾಡಿದ್ರ ನಮ್ಮನ್ನೂ ಹೊರಗ ಹಾಕ್ತಾರ."

"ಚೀಟಿ ಒಯ್ಯಲೇ. ಮೊದಲ್ನೇ ಸಾಲು ಒಯ್ಯಿ. ಅದೊಂದು ಓದ್ತಾರಲ್ಲ ಆ ಪುಣ್ಯಾತ್ಮ."

ಹೀಗೆ ನಾನು ನನ್ನ ಎರಡನೆಯ ದೊಡ್ಡ ಮೊದಲ ಸಾಲನ್ನು ಬರೆದೆ. ಇದನ್ನು ಮೈದಾನದಲ್ಲಿ ಕೂಗಲಿಲ್ಲ. "ಸೇದುವ ಬಾವಿಯ ಗಾಲಿ ಮುರಿದು ಮೂರು ತಿಂಗಳಾಯಿತು, ನೀರು ತರುವವರು ಮೂರು ಸಲ ಹೇಳಿದರೂ ಹೊಸದು ಬರಲಿಲ್ಲ, ಅದಕ್ಕೇ ಅವರು ಮೆಟ್ಟಿಲ ಬಾವಿಗೆ ಹೋದರು." ಅಮರೇಶ ಕುಂಟುತ್ತ, ಕಡ್ಡಿ ಕಳಚದಂತೆ ಕಾಲು ಹಿಡಿದುಕೊಂಡು ನನ್ನ ಜೊತೆ ಬಂದ. ಸದರ್ ಸಾಹೇಬರು ಚೀಟಿ ಓದಿದರು. ಅವರ ಉರ್ದುವನ್ನು ನಾನು ಕನ್ನಡದಲ್ಲಿ ಹೇಳುತ್ತಿದ್ದೇನೆ; ಮಾತುಗಳು ಇವೇ ಎಂದು ಆಣೆ ಮಾಡಲಾರೆ.

"ಮೂರು ಸಲ ಯಾರಿಗೆ ಹೇಳಿದ?"

ನಾನು ಅಮರೇಶನ ಕಡೆ ನೋಡಿದೆ. ಅಮರೇಶ ಹೇಳಿದ: "ತಮಗೇ, ಹುಜೂರ್. ಎರಡು ಸಲ ಬಾಯಿಮಾತು. ಮೂರನೆಯದು ಅರ್ಜಿ."

ಅವರು ಮೇಜಿನ ಖಾನೆ ಎಳೆದು ಕಾಗದಗಳನ್ನು ತಿರುವಿದರು. ಅರ್ಜಿ ಇತ್ತು. ಯಾರಿಂದಲೋ ಬರೆಸಿದ್ದು, ಕೆಳಗೆ ಕಾಕಾನ ಹೆಬ್ಬೆಟ್ಟು. ಆಗಿನ ಪದ್ಧತಿಯಂತೆ ಮೇಲಿನ ಅರ್ಧ ಹಾಳೆಯೆಲ್ಲ ಬಿರುದುಗಳು: ದಯಾಳು, ಬಡವರ ಪೋಷಕ, ತಮ್ಮ ನೆರಳಿನಲ್ಲಿ ಬದುಕಿರುವ ಸೇವಕ. ಸಾಹೇಬರ ಬೆರಳು ಸಾಲಿನಿಂದ ಸಾಲಿಗೆ ಇಳಿಯಿತು. ಗಾಲಿ ಕಟ್ಟಕಡೆಯ ಸಾಲಿನಲ್ಲಿತ್ತು, ಹೆಬ್ಬೆಟ್ಟಿನ ಮಸಿ ಅದರ ಮೇಲೆ ಅರ್ಧ ಹರಡಿತ್ತು.

"ನೀನು ಮೊದಲ ಸಾಲಿನಲ್ಲೇ ಎಲ್ಲ ಹೇಳಿಬಿಟ್ಟೆ," ಎಂದರು. "ಅವನು ಮೊದಲ ಸಾಲಿನಲ್ಲಿ ಏನೂ ಹೇಳಲಿಲ್ಲ. ನಾನು ಎರಡನ್ನೂ ಅಷ್ಟೇ ಓದಿದೆ."

ಚೀಟಿಗೆ ಸಹಿ ಹಾಕಿದರು. ತಮ್ಮ ವಿರುದ್ಧದ ಸಾಲಿಗೆ ತಾವೇ ಹಾಕಿದ ಸಹಿ ಅದು. ಈ ವಯಸ್ಸಿನಲ್ಲಿ ಹಿಂತಿರುಗಿ ನೋಡಿದರೆ ನನ್ನ ಆ ಸಾಲಿಗಿಂತ ಆ ಸಹಿ ದೊಡ್ಡದು. ವಾರದೊಳಗೆ ಹೊಸ ತೊಲೆ, ಹೊಸ ಗಾಲಿ ಬಂದವು. ಕಾಕಾನನ್ನು ಕರೆತನ್ನಿ ಎಂದು ಮಸ್ಕಿ ಮಾಸ್ತರರಿಗೆ ಅಪ್ಪಣೆಯಾಯಿತು. ಕಾಕಾ ಅಷ್ಟರಲ್ಲಿ ಮಸ್ಕಿಗೆ, ತಮ್ಮ ಹೆಂಡತಿಯ ತವರಿಗೆ ಹೋಗಿದ್ದರು.

ಶುಕ್ರವಾರ ಶಾಲೆಗೆ ರಜೆ. ಗುರುವಾರ ಸಂಜೆ ಊರಿಗೆ ಹೊರಡುವ ಮಾಸ್ತರರ ಗಾಡಿಯಲ್ಲಿ ನಾನೂ ಹತ್ತಿದೆ. ಮಸ್ಕಿಯ ಗುಡ್ಡ ಕಂಡಾಗ ಅವರು, "ಆ ಗುಡ್ಡದಾಗ ಒಂದು ಬಂಡೆಗಲ್ಲು ಐತಿ. ಸಾವಿರಾರು ವರ್ಷದ ಹಿಂದ ಒಬ್ಬ ರಾಜ ಅದರ ಮ್ಯಾಲೆ ಬರಸ್ಯಾನ. ಶುರುವಿಗೇ ತನ್ನ ಹೆಸರು ಕೊರಸ್ಯಾನ," ಎಂದರು. ಇದನ್ನು ತರಗತಿಯಲ್ಲಿ ಹತ್ತು ಸಲ ಹೆಮ್ಮೆಯಿಂದ ಹೇಳಿದ್ದರು. ಅವತ್ತು ದನಿಯಲ್ಲಿ ಹೆಮ್ಮೆ ಇರಲಿಲ್ಲ.

ಹತ್ತಿ ತುಂಬಿದ ಗಾಡಿಗಳು ನಿಲ್ಲುವ ಕಡೆ ಕಾಕಾ ಗಾಡಿಯವರಿಗೆ ನೀರು ಹಾಕುತ್ತಿದ್ದರು. ಹರವಿಯ ಬಾಯಿಗೆ ರುಮಾಲು. ಮಾಸ್ತರು ಸಂಗತಿ ಹೇಳಿದರು. ಗಾಲಿ ಬಂದಿದೆ, ಸಾಹೇಬರು ಕರೆದಿದ್ದಾರೆ, ತಪ್ಪು ನಮ್ಮದು ಎಂದರು. ಮಾಸ್ತರು ಯಾರ ಮುಂದೆಯೂ ತಪ್ಪು ನಮ್ಮದು ಎಂದದ್ದನ್ನು ನಾನು ಅಲ್ಲಿಯವರೆಗೆ ಕೇಳಿರಲಿಲ್ಲ.

"ಬರ್ತೀನ್ರಿ ಮಾಸ್ತರ," ಎಂದರು ಕಾಕಾ. "ಹುಡುಗ್ರ ಕಾಲು ಹ್ಯಾಂಗದಾವ?" ಆಮೇಲೆ ನನ್ನ ಕಡೆ ತಿರುಗಿದರು. "ಒಂದ ಮಾತು, ಹೊಳಿ ಹುಡುಗ. ನನ್ನ ಹೆಸರು ಇನ್ನ ಬರೀಬ್ಯಾಡ. ಕೆಟ್ಟದ್ದಕ್ಕೂ ಬ್ಯಾಡ, ಚಲೋದಕ್ಕೂ ಬ್ಯಾಡ."

"ಚಲೋದಕ್ಕ ಯಾಕ ಬ್ಯಾಡ, ಕಾಕಾ?"

"ಕುಡಿಯಾವ್ರಿಗಿ ನೀರು ಕಾಣಬೇಕು. ನಾ ಯಾಕ ಕಾಣಬೇಕು?"

ಬರೆಯುವುದಿಲ್ಲ ಎಂದು ಅವರ ಕೈ ಮುಟ್ಟಿ ಮಾತು ಕೊಟ್ಟೆ. ಅವರು ಹನ್ನೊಂದು ದಿನ ಕೆಲಸದಿಂದ ದೂರವಿದ್ದರು. ಇಪ್ಪತ್ತೊಂದು ಎನ್ನುತ್ತಾನೆ ಅಮರೇಶ. ಅವನ ಲೆಕ್ಕವೇ ಸರಿ ಇರಬಹುದು. ನನಗೆ ಕಡಿಮೆ ಎಣಿಸುವ ಕಾರಣವಿದೆ.

ಇಷ್ಟಕ್ಕೇ ಮುಗಿದಿದ್ದರೆ ನಾನು ಮೊದಲ ಗೆರೆಯನ್ನು ಖಾಲಿ ಬಿಡುವ ಅಭ್ಯಾಸಕ್ಕೆ ಬೀಳುತ್ತಿರಲಿಲ್ಲ. ತಪ್ಪು ತಿದ್ದಿಕೊಂಡ ಒಳ್ಳೆಯ ಹುಡುಗ ಎಂದು ನನ್ನನ್ನು ನಾನೇ ಮೆಚ್ಚಿಕೊಂಡು ಇರುತ್ತಿದ್ದೆ. ಕೆಲವು ವರ್ಷ ಹಾಗೆಯೇ ಇದ್ದೆ. ಆಮೇಲೆ ಹೈದರಾಬಾದಿಗೆ ಬಿ.ಎ. ಓದಲು ಹೋದೆ. ಕೋಣೆಯ ಜೊತೆಗಾರ ವೈದ್ಯಕೀಯ ಓದುತ್ತಿದ್ದ. ಒಂದು ಸಂಜೆ ಚಹಾ ಕುಡಿಯುತ್ತ ನನ್ನ ಆ ಪ್ರಸಿದ್ಧ ಸಾಲಿನ ಕಥೆಯನ್ನು ಅವನಿಗೆ ಹೇಳಿದೆ, ಸ್ವಲ್ಪ ಪಶ್ಚಾತ್ತಾಪ, ಸ್ವಲ್ಪ ಜಂಭ ಸೇರಿಸಿ. ಅವನು ನಗಲಿಲ್ಲ.

"ನೀರು ಯಾವಾಗ ಕುಡಿದದ್ದು?" ಎಂದ.

"ಮೂರು ತಿಂಗಳಿಂದ."

"ಹಾಗಾದರೆ ಆ ಹುಣ್ಣು ಆ ನೀರಿನದಲ್ಲ. ಹುಳ ಮೈಯೊಳಗೆ ಬೆಳೆದು ಹೊರಗೆ ಬರಲು ಹೆಚ್ಚುಕಡಿಮೆ ಒಂದು ವರ್ಷ ಬೇಕು. ನಿನ್ನ ಗೆಳೆಯ ಅದನ್ನು ಹಿಂದಿನ ಬೇಸಿಗೆಯಲ್ಲಿ ಎಲ್ಲೋ ಕುಡಿದಿದ್ದಾನೆ. ಅವನ ಊರಲ್ಲೇ ಇರಬಹುದು."

ಲೋಟ ಕೆಳಗಿಟ್ಟು ತಿಂಗಳು ಎಣಿಸಿದೆ. ಹಿಂದಿನ ಬೇಸಿಗೆಯಲ್ಲಿ ಬೋರ್ಡಿಂಗಿನ ಬಾವಿಗೆ ಗಾಲಿ ಸರಿಯಾಗಿತ್ತು. ಅಮರೇಶ ತುರ್ವಿಹಾಳದಲ್ಲಿ, ಉಳಿದವರು ತಮ್ಮ ತಮ್ಮ ಊರಿನಲ್ಲಿ ರಜೆ ಕಳೆದಿದ್ದರು. ಅಂದರೆ ನನ್ನ ಮೊದಲ ಸಾಲು ಅರ್ಧ ನಿಜವೂ ಆಗಿರಲಿಲ್ಲ. ತಿದ್ದಿ ಬರೆದ ಎರಡನೆಯ ಸಾಲೂ ಗಾಲಿಯ ಮೇಲೆ ಬೆರಳು ತೋರಿಸುತ್ತಿತ್ತು. ಗಾಲಿಗೂ ಆ ಹುಣ್ಣಿಗೂ ಸಂಬಂಧವೇ ಇರಲಿಲ್ಲ. "ಎಲ್ಲಾ ಖರೇ ಐತಿ" ಎಂದಿದ್ದರು ಕಾಕಾ. ಪಾಪ, ಅವರೂ ನಂಬಿದ್ದರು. ಒಂಬತ್ತು ಹುಡುಗರ ಕಾಲು ತನ್ನಿಂದ ಹೋಯಿತು ಎಂದು ನಂಬಿಯೇ ಮಸ್ಕಿಯಲ್ಲಿ ಮೊದಲು ಅದನ್ನು ಕೇಳಿದ್ದು.

ಜೊತೆಗಾರ ಮುಂದೆ ಇನ್ನೊಂದು ಮಾತು ಹೇಳಿದ. "ಆ ಮನುಷ್ಯ ನೀರು ಸೋಸುತ್ತಿದ್ದ ಎಂದೆಯಲ್ಲ, ಎಷ್ಟು ಪದರು? ನಾಲ್ಕೇ? ನಾರುಹುಣ್ಣಿಗೆ ಅದಕ್ಕಿಂತ ದೊಡ್ಡ ಔಷಧ ನಮ್ಮ ಪುಸ್ತಕದಲ್ಲೂ ಇಲ್ಲ. ಆ ಮೆಟ್ಟಿಲ ಬಾವಿಯ ನೀರಿನ ಲೆಕ್ಕ ಮರುವರ್ಷ ಬಂದಿರಬೇಕು. ಮರುವರ್ಷ ಎಷ್ಟು ಜನರಿಗೆ ಎದ್ದಿತು?"

ಕುಳಿತು ನೆನಪು ಮಾಡಿದೆ. ಮರುವರ್ಷದ ಹೋಳಿ, ಮರುವರ್ಷದ ಪರೀಕ್ಷೆ, ಬೋರ್ಡಿಂಗಿನ ಸಾಲು ಹಾಸಿಗೆಗಳು. ಯಾರ ಕಾಲಿನಲ್ಲೂ ಕಡ್ಡಿ ಇರಲಿಲ್ಲ. ನನ್ನ ನೆನಪನ್ನು ನಾನು ನಂಬುವವನಲ್ಲವಾದ್ದರಿಂದ ಅಮರೇಶನಿಗೆ ಕಾಗದ ಬರೆದೆ. ಒಬ್ಬನಿಗೆ ಎದ್ದಿತ್ತು ಎಂದು ಉತ್ತರ ಬಂತು. ಆದರೆ ಆ ಹುಡುಗ ಆ ವರ್ಷವೇ ಹೊಸದಾಗಿ ಸೇರಿದವನು, ಆ ಮೂರು ತಿಂಗಳ ನೀರು ಕುಡಿದವನಲ್ಲ. ಕುಡಿದವರಲ್ಲಿ ಒಬ್ಬನಿಗೂ ಏಳಲಿಲ್ಲ.

ನಾನು ಆ ಶಾಲೆಯಲ್ಲಿದ್ದಷ್ಟು ದಿನದ ಅತಿ ದೊಡ್ಡ ಸುದ್ದಿ ಅದು. ಹಲಗೆಯ ಮುಂದೆಯೇ ನಾವೆಲ್ಲ ನೆಟ್ಟಗಿನ ಕಾಲಿನಲ್ಲಿ ಓಡಾಡಿದೆವು, ಯಾರೂ ಬರೆಯಲಿಲ್ಲ. ಏಳದ ಹುಣ್ಣನ್ನು ಗೇಟಿನ ಹತ್ತಿರ ನಿಂತು ಹೇಗೆ ಕೂಗುವುದು?

ಕಾಕಾನಿಗೆ ಇದನ್ನು ಹೇಳಬೇಕಿತ್ತು. ರಜೆಯಲ್ಲಿ ಲಿಂಗಸುಗೂರಿಗೆ ಹೋದೆ. ಬಾವಿಯ ಹತ್ತಿರ ಬೇರೊಬ್ಬರಿದ್ದರು. ಕಾಕಾನ ಮಗನಿಗೆ ಹಟ್ಟಿಯ ಗಣಿಯಲ್ಲಿ ಕೆಲಸ ಸಿಕ್ಕಿ ಅವರೂ ಅಲ್ಲಿಗೆ ಹೋದರೆಂದು ತಿಳಿಯಿತು. ಹಟ್ಟಿ ಅಲ್ಲಿಂದ ದೂರವಲ್ಲ. ನಾನು ಹೋಗಲಿಲ್ಲ. ಬಿಸಿಲು, ಪರೀಕ್ಷೆ, ಆಮೇಲೆ ಆ ಕಾಲದ ಗಲಾಟೆಗಳು, ಹೀಗೆ ಕಾರಣಗಳು ನನ್ನಲ್ಲಿ ಬೇಕಾದಷ್ಟಿವೆ. ಒಂದನ್ನೂ ನಾನು ನಂಬುವುದಿಲ್ಲ. ಕೆಲವು ವರ್ಷಗಳ ಮೇಲೆ ಹೋದಾಗ ಕಾಕಾ ಇರಲಿಲ್ಲ.

ಅಂದಿನಿಂದ ಮೊದಲ ಗೆರೆ ಖಾಲಿ. ಮೊದಮೊದಲು ಎಚ್ಚರಿಕೆಗೆ ಬಿಡುತ್ತಿದ್ದೆ, ಎಲ್ಲ ತಿಳಿದ ಮೇಲೆ ಬರೆದರಾಯಿತು ಎಂದು. ಎಲ್ಲ ತಿಳಿಯುವುದಕ್ಕೆ ಕೆಲವೊಮ್ಮೆ ವರ್ಷ ಹಿಡಿಯುತ್ತದೆ ಎಂದು ಗೊತ್ತಾಗಿತ್ತಲ್ಲ. ಈಗ ಅನ್ನಿಸುತ್ತದೆ, ಅದು ಎಚ್ಚರಿಕೆಯಲ್ಲ. ಅಲ್ಲಿ ಬರಬೇಕಾದ ಒಂದು ಸಾಲು ನನಗೆ ಮೊದಲಿನಿಂದ ಗೊತ್ತಿದೆ. ಅದರಲ್ಲಿ ಒಂದು ಹೆಸರಿದೆ. ಬರೆಯುವುದಿಲ್ಲ ಎಂದು ಮಾತು ಕೊಟ್ಟಿದ್ದೇನೆ. ಈ ಬರಹದ ಕೈಪ್ರತಿಯಲ್ಲೂ ಎಲ್ಲಕ್ಕಿಂತ ಮೇಲೆ ಒಂದು ಖಾಲಿ ಗೆರೆ ಇದೆ. ಅಚ್ಚಿನವರು ಅದನ್ನು ಉಳಿಸುವುದಿಲ್ಲ, ನೀವು ಕಂಡಿರಲಾರಿರಿ.

ಇಷ್ಟು ಬರೆದು ಇವತ್ತು ಬೆಳಿಗ್ಗೆ ಹಿತ್ತಲಿಗೆ ಹೋದೆ. ಬೇಲಿಯ ಹತ್ತಿರ, ನಮ್ಮ ಶಾಲೆಯ ಗೇಟಿನ ಹತ್ತಿರ ನಿಲ್ಲುತ್ತಿದ್ದ ಹಾಗೆ, ಎದೆ ಸೆಟೆದು ನಿಂತೆ. ಬರೆಯಬೇಡ ಎಂದಿದ್ದರು ಕಾಕಾ. ಕೂಗಬೇಡ ಎಂದಿರಲಿಲ್ಲ. ಉಸಿರು ತುಂಬಿಕೊಂಡು ಕೂಗಿದೆ: ಅವರ ಹೆಸರು, ಪೂರ್ತಿ ಹೆಸರು, ಆಮೇಲೆ, ನಾಲ್ಕು ಪದರಿನಲ್ಲಿ ಸೋಸಿ ಕೊಟ್ಟ ನೀರು ಕುಡಿದ ನಮ್ಮ ಒಬ್ಬರ ಕಾಲಿನಲ್ಲೂ ಮರುವರ್ಷ ಹುಣ್ಣು ಏಳಲಿಲ್ಲ. ನಾಲ್ಕು ಪದರಿನ ಹತ್ತಿರ ಉಸಿರು ಮುಗಿಯಿತು. ನಿಂತೆ, ಇನ್ನೊಂದು ಉಸಿರು ತೆಗೆದುಕೊಂಡೆ, ಉಳಿದದ್ದನ್ನೂ ಕೂಗಿದೆ.

ಹೆಂಡತಿ ಅಡುಗೆಮನೆಯ ಬಾಗಿಲಿಗೆ ಬಂದಳು.

"ಯಾರನ್ನರೀ ಕರಿಯಾಕತ್ತೀರಿ, ಹೊತ್ತು ಮೂಡೂದ್ರಾಗ?"

ಹೇಳುತ್ತೇನೆ, ಕುಳಿತುಕೋ ಎಂದೆ. ಅವಳು ಒಳಗೆ ಹೋಗಿ ಎರಡು ಲೋಟ ಚಹಾ ತಂದಳು. ಚಹಾಪುಡಿಗೆ ನಮ್ಮಲ್ಲಿ ಕೊರತೆಯಿಲ್ಲ. ಅವಳು ಕುಳಿತ ಮೇಲೆ ನಾನು ಮೊದಲ ಸಾಲನ್ನು ಬಿಟ್ಟು, ಗಾಲಿಯಿಂದ ಶುರು ಮಾಡಿದೆ.